ಹಾಗಲಕಾಯಿ ನೊಣಕ್ಕೆ ಬರಡು ಗಂಡುಗಳನ್ನು ಬಿಡುವ ಉಪಾಯ: ಓಕಿನಾವಾದಲ್ಲಿ ಆಯಿತು, ನಮ್ಮಲ್ಲಿ ಆಗುತ್ತಾ?

ಚಿಂತಾಮಣಿ ತೋಟ:

ಎಲ್ಲರಿಗೂ ನಮಸ್ಕಾರ. ನಾವು ಚಪ್ಪರದಲ್ಲಿ ಹಾಗಲಕಾಯಿ, ಹೀರೆಕಾಯಿ ಬೆಳೆಯುತ್ತೇವೆ. ಹಣ್ಣು ನೊಣದ ಕಾಟ ತಡೆಯಲಾಗುತ್ತಿಲ್ಲ. ಕಾಯಿ ಬೆರಳುದ್ದ ಇರುವಾಗಲೇ ಚುಚ್ಚಿ ಮೊಟ್ಟೆ ಇಡುತ್ತದೆ. ಆಮೇಲೆ ಕಾಯಿ ಸೊಟ್ಟಗಾಗುತ್ತದೆ, ಹಳದಿಯಾಗಿ ಕೊಳೆಯುತ್ತದೆ. ಸೀಳಿದರೆ ಒಳಗೆಲ್ಲ ಬಿಳಿ ಹುಳ. ವಾಸನೆಯಿಂದ ನೊಣ ಸೆಳೆಯುವ ಕ್ಯೂ ಲ್ಯೂರ್ ಬಲೆ ಕಟ್ಟಿದ್ದೇವೆ. ದಿನಾ ನೊಣ ಬೀಳುತ್ತಲೇ ಇವೆ, ಕಾಯಿ ಹಾಳಾಗುವುದು ಮಾತ್ರ ನಿಂತಿಲ್ಲ. ಔಷಧಿ ಹೊಡೆದರೆ ಎರಡು ದಿನ ಕಡಿಮೆಯಾಗಿ ಮತ್ತೆ ಬರುತ್ತವೆ. ಹಾಗಲವನ್ನು ದಿನ ಬಿಟ್ಟು ದಿನ ಕೊಯ್ಯುತ್ತೇವೆ. ಇವತ್ತು ಔಷಧಿ ಹೊಡೆದು ನಾಳೆ ಅದೇ ಕಾಯಿ ಮಾರುವುದಕ್ಕೆ ಮನಸ್ಸು ಒಪ್ಪುವುದಿಲ್ಲ.

ಜಪಾನಿನ ಓಕಿನಾವಾದಲ್ಲಿ ಮಕ್ಕಳಾಗದ ಹಾಗೆ ಮಾಡಿದ ಗಂಡು ನೊಣಗಳನ್ನು ಬಿಟ್ಟು ಇದೇ ನೊಣವನ್ನು ಪೂರ್ತಿ ಇಲ್ಲವಾಗಿಸಿದರು ಎಂದು ಓದಿದೆ. ನಿಜವಾ? ನಿಜ ಆದರೆ ಅಂಥ ನೊಣ ನಮ್ಮಲ್ಲಿ ಎಲ್ಲಿ ಸಿಗುತ್ತವೆ, ಎಕರೆಗೆ ಎಷ್ಟು ಬೇಕು? ಗೊತ್ತಿರುವವರು ದಯವಿಟ್ಟು ವಿವರವಾಗಿ ತಿಳಿಸಿ.

ಹುಳದ ಮೇಷ್ಟ್ರು:

ನಿಜ. ನಿಮ್ಮ ಚಪ್ಪರದ ನೊಣ, ಓಕಿನಾವಾದ ನೊಣ ಎರಡೂ ಒಂದೇ ಜಾತಿ. ಅದು ಮೂಲತಃ ನಮ್ಮ ಕಡೆಯದೇ ಎಂದು ಬಹಳ ತಜ್ಞರ ಅಭಿಪ್ರಾಯ. 1919ರಲ್ಲಿ ಓಕಿನಾವಾದ ದಕ್ಷಿಣ ತುದಿಯ ಯಾಯೆಯಾಮಾ ದ್ವೀಪಗಳಲ್ಲಿ ಕಾಣಿಸಿಕೊಂಡಿತು. ಅಲ್ಲಿಂದ ಒಂದೊಂದೇ ದ್ವೀಪ ಹಿಡಿಯುತ್ತಾ ಉತ್ತರಕ್ಕೆ ಸರಿಯಿತು. ಕುಮೆ ದ್ವೀಪಕ್ಕೆ 1970ರಲ್ಲಿ, ಓಕಿನಾವಾ ಮುಖ್ಯ ದ್ವೀಪಕ್ಕೆ 1972ರಲ್ಲಿ ಮುಟ್ಟಿತು. ನೊಣ ಇರುವ ದ್ವೀಪದ ಹಾಗಲಕಾಯಿಯನ್ನು ಜಪಾನಿನ ಉಳಿದ ಭಾಗಕ್ಕೆ ಸಾಗಿಸುವಂತಿರಲಿಲ್ಲ. ಹಾಗಲವೇ ಅಲ್ಲಿನ ಮುಖ್ಯ ತರಕಾರಿ. ರೈತರಿಗೆ ಎಂಥ ಹೊಡೆತ ಬಿದ್ದಿರಬೇಕು ಯೋಚಿಸಿ.

1972ರಲ್ಲಿ ಕುಮೆ ದ್ವೀಪದಲ್ಲಿ ಕೆಲಸ ಶುರು ಮಾಡಿದರು. 1978ಕ್ಕೆ ಆ ದ್ವೀಪದಲ್ಲಿ ನೊಣ ಇಲ್ಲ ಎಂದು ಘೋಷಿಸಿದರು. ಎಲ್ಲ ದ್ವೀಪಗಳೂ ಮುಗಿಯುವಾಗ 1993. ಒಟ್ಟು ಸುಮಾರು 5,300 ಕೋಟಿ ನೊಣ ಬಿಟ್ಟರು.

ಕೆಲಸ ಹೀಗೆ. ಕಾರ್ಖಾನೆಯಲ್ಲಿ ಹುಳುಗಳನ್ನು ತಯಾರಿಸಿದ ಆಹಾರದ ಮೇಲೆ ಬೆಳೆಸುತ್ತಾರೆ. ಅವು ಕೋಶವಾದ ಮೇಲೆ, ನೊಣ ಹೊರಬರಲು ಇನ್ನು ಎರಡು ಮೂರು ದಿನ ಇರುವಾಗ, ಕೊಬಾಲ್ಟ್ 60ರ ಗಾಮಾ ಕಿರಣ ಹಾಯಿಸುತ್ತಾರೆ. ನೊಣ ಹುಟ್ಟುತ್ತದೆ, ಹಾರುತ್ತದೆ, ಹೆಣ್ಣನ್ನು ಹುಡುಕಿ ಕೂಡುತ್ತದೆ. ಆದರೆ ಅದರ ವೀರ್ಯದ ವರ್ಣತಂತುಗಳು ಒಡೆದಿರುತ್ತವೆ. ಹಾಗಾಗಿ ಹೆಣ್ಣು ಇಟ್ಟ ಮೊಟ್ಟೆ ಒಡೆದು ಮರಿ ಬರುವುದಿಲ್ಲ. ಇನ್ನೊಂದು ಮಾತು, ಗಾಮಾ ಕಿರಣ ಹಾದ ನೊಣದಲ್ಲಿ ವಿಕಿರಣ ಉಳಿಯುವುದಿಲ್ಲ. ಈ ಭಯ ಬಹಳ ಜನಕ್ಕೆ ಇದೆ, ಅದಕ್ಕೆ ಬರೆದೆ.

ಇನ್ನು ನಿಮ್ಮ ಪ್ರಶ್ನೆ. ನಮ್ಮಲ್ಲಿ ಇಂಥ ನೊಣ ಮಾರುವ ಅಂಗಡಿಯೂ ಇಲ್ಲ, ಹೊಲಗಳಿಗೆ ಬಿಡುವ ಕಾರ್ಯಕ್ರಮವೂ ಇಲ್ಲ. ಸಿಕ್ಕರೂ ಒಂದೆರಡು ಎಕರೆಗೆ ಬಿಟ್ಟು ಪ್ರಯೋಜನ ಇಲ್ಲ. ಯಾಕೆಂದರೆ ನಿಮ್ಮ ಕಾಯಿ ಚುಚ್ಚುವ ಹೆಣ್ಣು ನಿಮ್ಮ ತೋಟದಲ್ಲಿ ಕೂಡಿದ್ದಲ್ಲ. ಪಕ್ಕದವರ ಹೊಲದಲ್ಲೋ ಹಳ್ಳದ ಬದಿಯ ಕಾಡು ತೊಂಡೆ ಬಳ್ಳಿಯ ಹತ್ತಿರವೋ ಕೂಡಿ, ಮೊಟ್ಟೆ ಇಡಲು ಮಾತ್ರ ನಿಮ್ಮಲ್ಲಿಗೆ ಬರುತ್ತದೆ. ನಿಮ್ಮ ಬಲೆಯ ಕಥೆಯೂ ಇದೇ. ಕ್ಯೂ ಲ್ಯೂರ್‌ಗೆ ಬೀಳುವುದು ಗಂಡು ಮಾತ್ರ. ಹತ್ತರಲ್ಲಿ ಎಂಟು ಗಂಡು ಸತ್ತರೂ ಉಳಿದ ಎರಡು ಎಷ್ಟೋ ಹೆಣ್ಣುಗಳಿಗೆ ಸಾಕು.

ಚಿಂತಾಮಣಿ ತೋಟ:

ತುಂಬಾ ಧನ್ಯವಾದ ಮೇಷ್ಟ್ರೇ. ಬಲೆ ತುಂಬಿದರೂ ಕಾಯಿ ಯಾಕೆ ಕೊಳೆಯುತ್ತೆ ಅನ್ನುವುದಕ್ಕೆ ಇಷ್ಟು ನೇರ ಉತ್ತರ ಯಾರೂ ಕೊಟ್ಟಿರಲಿಲ್ಲ. ಒಂದು ಸಂದೇಹ. ಬರಡು ಗಂಡುಗಳ ಜೊತೆಗೆ ಹೆಣ್ಣುಗಳನ್ನೂ ಬಿಡುತ್ತಾರಾ? ಬಿಟ್ಟರೆ ಅವೂ ಕಾಯಿ ಚುಚ್ಚುತ್ತವಲ್ಲ?

ಹುಳದ ಮೇಷ್ಟ್ರು:

ಓಕಿನಾವಾದಲ್ಲಿ ಎರಡನ್ನೂ ಬಿಟ್ಟರು. ಬರಡು ಹೆಣ್ಣು ಚುಚ್ಚಿದರೂ ಹುಳ ಆಗುವುದಿಲ್ಲ, ಕಲೆ ಬೀಳಬಹುದು ಅಷ್ಟೇ. ಬರೀ ಗಂಡು ಬಿಡುವುದು ಇನ್ನೂ ಒಳ್ಳೆಯದು, ಅವು ಪೂರ್ತಿ ಕಾಡಿನ ಹೆಣ್ಣುಗಳ ಹಿಂದೆಯೇ ಹೋಗುತ್ತವೆ. ಮೆಡಿಟರೇನಿಯನ್ ಹಣ್ಣು ನೊಣದಲ್ಲಿ ಇದಕ್ಕೆ ಒಂದು ತಳಿ ಇದೆ. ಮೊಟ್ಟೆಗಳನ್ನು 34 ಡಿಗ್ರಿ ಬಿಸಿ ನೀರಿನಲ್ಲಿ ಇಟ್ಟರೆ ಹೆಣ್ಣು ಮೊಟ್ಟೆಗಳೆಲ್ಲ ಸಾಯುತ್ತವೆ, ಗಂಡು ಬದುಕುತ್ತವೆ. ಅದು ಹಳೆಯ ತಳಿವಿಜ್ಞಾನದಿಂದ ಕಟ್ಟಿದ್ದು, ಹೊರಗಿನ ಜೀನ್ ಹಾಕಿದ್ದಲ್ಲ. ಗ್ವಾಟೆಮಾಲದ ಎಲ್ ಪಿನೋ ಕಾರ್ಖಾನೆಯಲ್ಲಿ ಈ ತಳಿಯ ಗಂಡುಗಳನ್ನು ವಾರಕ್ಕೆ 100 ಕೋಟಿಗೂ ಜಾಸ್ತಿ ಬೆಳೆಸಬಲ್ಲರು. ಆ ನೊಣ ಮೆಕ್ಸಿಕೋ ದಾಟಿ ಉತ್ತರಕ್ಕೆ ಹೋಗದ ಹಾಗೆ ಬೇಲಿ ಕಟ್ಟಿರುವುದು ಇವುಗಳಿಂದಲೇ.

ಮಾವು ಶ್ರೀನಿವಾಸಪುರ:

ನಮ್ಮ ಮಾವಿಗೆ ಬರುವ ಊಜಿ ನೊಣಕ್ಕೂ ಇದು ಆಗುತ್ತಾ ಸರ್? ನಾವು ಮೀಥೈಲ್ ಯೂಜೆನಾಲ್ ಬಲೆ ಕಟ್ಟುತ್ತೇವೆ. ಸುಮಾರಾಗಿ ಪರವಾಗಿಲ್ಲ. ಆದರೆ ಕೊನೆಗೆ ಬರುವ ತಳಿಗಳಲ್ಲಿ, ಮಳೆ ಬಿದ್ದ ಮೇಲೆ, ಹಿಡಿತಕ್ಕೆ ಸಿಗುವುದಿಲ್ಲ.

ಹುಳದ ಮೇಷ್ಟ್ರು:

ಮಾವಿನದು ಬೇರೆ ಜಾತಿಯ ನೊಣ. ಅದೂ ಓಕಿನಾವಾದಲ್ಲಿತ್ತು. ಅದನ್ನು ಬರಡು ನೊಣ ಬಿಡದೆಯೇ ಮುಗಿಸಿದರು! ನಾರಿನ ಹಲಗೆ ತುಂಡುಗಳಿಗೆ ಮೀಥೈಲ್ ಯೂಜೆನಾಲ್ ಮತ್ತು ಕೀಟನಾಶಕ ನೆನೆಸಿ ದ್ವೀಪದ ತುಂಬ ಹಾಕಿದರು. 1986ಕ್ಕೆ ಕೊನೆಯ ದ್ವೀಪಗಳೂ ಸ್ವಚ್ಛವಾದವು. ಮೀಥೈಲ್ ಯೂಜೆನಾಲ್ ವಾಸನೆಗೆ ಆ ಗಂಡುಗಳು ಅಷ್ಟು ಬಲವಾಗಿ ಸೆಳೆಯಲ್ಪಡುತ್ತವೆ, ಹೆಚ್ಚುಕಡಿಮೆ ಗಂಡುಗಳೇ ಉಳಿಯುವುದಿಲ್ಲ. ಕ್ಯೂ ಲ್ಯೂರ್‌ಗೆ ಅಷ್ಟು ಸೆಳೆತ ಇಲ್ಲ. ಅದಕ್ಕೇ ಹಾಗಲದ ನೊಣಕ್ಕೆ ಬರಡು ಗಂಡುಗಳು ಬೇಕಾದವು.

ಅಂದರೆ ನಿಮ್ಮ ಕೈಯಲ್ಲಿರುವ ಸಾಧನ ಗಟ್ಟಿಯಾದದ್ದೇ. ಆದರೆ ನಿಮ್ಮ ತೋಟಕ್ಕಷ್ಟೇ ಕಟ್ಟಿದರೆ ಆಗುವುದು ಸ್ವಲ್ಪವೇ. ಇಡೀ ಹೋಬಳಿ ಒಂದೇ ವಾರ, ಕಾಯಿ ಬಲಿಯುವ ಮುಂಚೆ ಕಟ್ಟಬೇಕು. ಪಾಳು ಬಿದ್ದ ಮರಗಳು, ಮನೆ ಹಿಂದಿನ ಸೀಬೆ ಗಿಡ ಎಲ್ಲವೂ ಲೆಕ್ಕಕ್ಕೆ ಬರಬೇಕು.

ಟೆಕ್ಸಾಸ್ ಕನ್ನಡಿಗ:

ನಾನು ಇಲ್ಲಿ ಪಶುವೈದ್ಯ. ಈ ಉಪಾಯ ಮೊದಲು ಹುಟ್ಟಿದ್ದೇ ದನಗಳ ಹುಳಕ್ಕೆ, ಅದನ್ನು ಹೇಳಬೇಕು ಅನ್ನಿಸಿತು.

ಸ್ಕ್ರೂವರ್ಮ್ ಎಂಬ ನೊಣ ಇದೆ. ಗಾಯದ ಅಂಚಿನಲ್ಲಿ ಮೊಟ್ಟೆ ಇಡುತ್ತದೆ. ಸಾಮಾನ್ಯ ನೊಣದ ಹುಳ ಸತ್ತ ಮಾಂಸ ತಿಂದರೆ ಇದರ ಹುಳ ಜೀವಂತ ಮಾಂಸ ತಿನ್ನುತ್ತಾ ಒಳಗೆ ಕೊರೆಯುತ್ತದೆ. ಆಗ ತಾನೇ ಹುಟ್ಟಿದ ಕರುವಿನ ಹೊಕ್ಕುಳೇ ಸಾಕು ಅದಕ್ಕೆ. ಅಮೆರಿಕದ ಕೃಷಿ ಇಲಾಖೆಯ ಎಡ್ವರ್ಡ್ ನಿಪ್ಲಿಂಗ್ 1930ರ ದಶಕದಲ್ಲಿ ಇದರ ಹೆಣ್ಣು ಜೀವನದಲ್ಲಿ ಒಂದೇ ಸಲ ಕೂಡುತ್ತದೆ ಎಂಬುದನ್ನು ಗಮನಿಸಿ, ಬರಡು ಗಂಡು ಬಿಟ್ಟರೆ ಹೇಗೆ ಎಂದು ಯೋಚಿಸಿದ. ಎಕ್ಸ್ ಕಿರಣದಿಂದ ಡ್ರೊಸೊಫಿಲಾ ಎಂಬ ಪುಟ್ಟ ನೊಣಗಳ ಜೀನ್‌ಗಳಲ್ಲಿ ಮಾರ್ಪಾಡು ಆಗುತ್ತದೆ ಎಂದು ಹರ್ಮನ್ ಮುಲ್ಲರ್ ಆಗಲೇ ತೋರಿಸಿದ್ದ. ರೇಮಂಡ್ ಬುಷ್‌ಲ್ಯಾಂಡ್ ಸ್ಕ್ರೂವರ್ಮ್ ಕೋಶಗಳ ಮೇಲೆ ಕಿರಣ ಹಾಯಿಸಿ ಪ್ರಯೋಗ ಮಾಡಿದ. 1954ರಲ್ಲಿ ಕೆರಿಬಿಯನ್ ಕಡಲಿನ ಕುರಾಸಾವ್ ದ್ವೀಪದಲ್ಲಿ ವಿಮಾನದಿಂದ ಬಿಟ್ಟರು. ಕೆಲವೇ ತಿಂಗಳಲ್ಲಿ ದ್ವೀಪದಲ್ಲಿ ಆ ನೊಣ ಇಲ್ಲವಾಯಿತು. 1959ಕ್ಕೆ ಫ್ಲಾರಿಡಾ, ಆಮೇಲೆ ಟೆಕ್ಸಾಸ್, 1991ಕ್ಕೆ ಮೆಕ್ಸಿಕೋ, 2006ರ ಹೊತ್ತಿಗೆ ಪನಾಮಾ. ಅಲ್ಲಿಂದ ಪನಾಮಾದ ದಾರಿಯೆನ್ ಕಾಡಿನಲ್ಲಿ ವಾರ ವಾರ ಬರಡು ನೊಣ ಉದುರಿಸಿ ದಕ್ಷಿಣದಿಂದ ಬರುವುದನ್ನು ತಡೆದಿದ್ದರು.

ಈ ಕಥೆಯ ಮುಂದಿನ ಭಾಗವನ್ನು ಕಡಿಮೆ ಜನ ಹೇಳುತ್ತಾರೆ. ಮೆಕ್ಸಿಕೋದ ಟುಕ್ಸ್‌ಟ್ಲಾ ಗುಟಿಯೆರೆಸ್‌ನಲ್ಲಿ ವಾರಕ್ಕೆ 50 ಕೋಟಿ ನೊಣ ಬೆಳೆಸಬಲ್ಲ ಕಾರ್ಖಾನೆ ಇತ್ತು. ಕೆಲಸ ಮುಗಿಯಿತು ಎಂದು ಮುಚ್ಚಿದರು. ಉಳಿದದ್ದು ಪನಾಮಾದ ಒಂದೇ ಕಾರ್ಖಾನೆ. 2023ರಲ್ಲಿ ಪನಾಮಾದಲ್ಲಿ ನೊಣ ಬೇಲಿ ಮುರಿದು ಬಂತು. 2024ರ ನವೆಂಬರ್‌ಗೆ ಮೆಕ್ಸಿಕೋದ ಚಿಯಾಪಾಸ್. 2025ರಲ್ಲಿ ಅಮೆರಿಕ ಮೆಕ್ಸಿಕೋದಿಂದ ದನ ತರಿಸುವುದನ್ನು ನಿಲ್ಲಿಸಿತು. ಅದೇ ಸೆಪ್ಟೆಂಬರ್‌ನಲ್ಲಿ ನಮ್ಮ ಗಡಿಯಿಂದ 70 ಮೈಲಿಗೂ ಹತ್ತಿರ ಒಂದು ದನದಲ್ಲಿ ಸಿಕ್ಕಿತು. ಪನಾಮಾದ ಕಾರ್ಖಾನೆ ವಾರಕ್ಕೆ ಸುಮಾರು 10 ಕೋಟಿ ಮಾತ್ರ ಕೊಡಬಲ್ಲದು. ಹರಡಿದ ಪ್ರದೇಶಕ್ಕೆ ಅದು ಏನೇನೂ ಸಾಲದು. ಗೆದ್ದ ಮೇಲೆ ಸುಮ್ಮನಾದರೆ ಹೀಗಾಗುತ್ತದೆ. ಇಲ್ಲಿನ ಹಳೆಯ ದನಗಾಹಿಗಳು ಕರುಗಳ ಹೊಕ್ಕುಳಿಗೆ ದಿನಾ ಔಷಧಿ ಹಚ್ಚಿದ ಕಾಲವನ್ನು ಇನ್ನೂ ಮರೆತಿಲ್ಲ. ಅವರ ಮೊಮ್ಮಕ್ಕಳು ಅದನ್ನು ಈಗ ಕಲಿಯಬೇಕಾಗಿದೆ. ನನಗೆ ಇದು ನಿಜವಾಗಲೂ ಸಂಕಟದ ವಿಷಯ.

ಹುಳದ ಮೇಷ್ಟ್ರು:

ಒಳ್ಳೆಯ ಮಾಹಿತಿ ಸರ್. ಓಕಿನಾವಾದವರು ಇದನ್ನು ಮರೆತಿಲ್ಲ. 1993ರ ನಂತರವೂ ಪ್ರತಿ ವಾರ ಬರಡು ನೊಣ ಬಿಡುವುದನ್ನು ಮುಂದುವರಿಸಿದ್ದಾರೆ. ಆದರೂ ಅದರ ಹತ್ತಿರದ ಸಂಬಂಧಿ ಜಾತಿಯ ಇನ್ನೊಂದು ನೊಣ 2024ರಲ್ಲಿ ಓಕಿನಾವಾ ಮುಖ್ಯ ದ್ವೀಪದಲ್ಲಿ ಸಿಕ್ಕಿ, 2025ರಲ್ಲಿ ತುರ್ತು ನಿಯಂತ್ರಣ ಹೇರಬೇಕಾಯಿತು. ಒಂದು ಜಾತಿಯ ಬರಡು ಗಂಡು ಇನ್ನೊಂದು ಜಾತಿಗೆ ಉಪಯೋಗವಿಲ್ಲ, ಮತ್ತೆ ಹೊಸದಾಗಿ ಬೆಳೆಸಬೇಕು.

ಒಂದು ಸ್ಪಷ್ಟನೆ. ಹೆಣ್ಣು ಒಂದೇ ಸಲ ಕೂಡಬೇಕು ಎಂಬ ನಿಯಮ ಇಲ್ಲ. ಹಾಗಲದ ನೊಣದ ಹೆಣ್ಣು ಒಂದಕ್ಕಿಂತ ಹೆಚ್ಚು ಸಲ ಕೂಡುತ್ತದೆ. ಬರಡು ಗಂಡಿನ ವೀರ್ಯ ಸಹಜ ಗಂಡಿನದರ ಜೊತೆ ಪೈಪೋಟಿ ಮಾಡುವಷ್ಟು ಚೆನ್ನಾಗಿದ್ದರೆ ಸಾಕು. ಇಲ್ಲೇ ಕಿರಣದ ಪ್ರಮಾಣ ಮುಖ್ಯ. ಜಾಸ್ತಿ ಕೊಟ್ಟರೆ ಪೂರ್ತಿ ಬರಡಾಗುತ್ತದೆ, ಆದರೆ ನೊಣ ಬಡವಾಗುತ್ತದೆ. ಸರಿಯಾಗಿ ಹಾರದು, ಹೆಣ್ಣು ಒಪ್ಪದು.

ಮಾನ್ವಿ ಹತ್ತಿ:

ಎಲ್ಲರ ಮಾತೂ ಓದಿದೆ. ನನ್ನದೊಂದು ಪ್ರಶ್ನೆ. ಮೊದಲು ಔಷಧಿ, ಬಲೆ ಹಾಕಿ ನೊಣ ಕಡಿಮೆ ಮಾಡಬೇಕು, ಆಮೇಲೆ ಬರಡು ಗಂಡು ಬಿಡಬೇಕು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಕಡಿಮೆಯಾದ ಮೇಲೆ ಇವು ಯಾಕೆ ಬೇಕು? ಅದೇ ಔಷಧಿಯನ್ನೇ ಮುಂದುವರಿಸಿದರೆ ಆಗಲ್ವಾ?

ಹುಳದ ಮೇಷ್ಟ್ರು:

ಇದಕ್ಕೆ ನಿಪ್ಲಿಂಗ್ 1955ರಲ್ಲಿ ಹಾಕಿದ ಲೆಕ್ಕವನ್ನೇ ಹೇಳುತ್ತೇನೆ. ಒಂದು ಪ್ರದೇಶದಲ್ಲಿ 10 ಲಕ್ಷ ಹೆಣ್ಣು, ಅಷ್ಟೇ ಗಂಡು ಇವೆ ಎಂದುಕೊಳ್ಳಿ. ಪ್ರತಿ ಪೀಳಿಗೆಗೂ 20 ಲಕ್ಷ ಬರಡು ಗಂಡು ಬಿಡುತ್ತೇವೆ. ಮೊದಲ ಪೀಳಿಗೆಯಲ್ಲಿ ಸಹಜ ಗಂಡು ಒಂದಕ್ಕೆ ಬರಡು ಎರಡು. ಮೂರನೇ ಎರಡು ಪಾಲು ಹೆಣ್ಣುಗಳ ಮೊಟ್ಟೆ ಹಾಳು. ಉಳಿದದ್ದು 3,33,333. ಮುಂದಿನ ಸಲವೂ 20 ಲಕ್ಷವೇ ಬಿಡುತ್ತೇವೆ, ಆದರೆ ಈಗ ಒಂದಕ್ಕೆ ಆರು. ಉಳಿಯುವುದು 47,619. ಆಮೇಲೆ ಒಂದಕ್ಕೆ 42, ಉಳಿಯುವುದು 1,107. ಅದರ ಮುಂದಿನ ಸಲ ಒಂದಕ್ಕೆ 1,807. ಅಲ್ಲಿಗೆ ಒಂದೂ ಉಳಿಯುವುದಿಲ್ಲ. ಇದು ಪ್ರತಿ ಪೀಳಿಗೆಯಲ್ಲೂ ಸಂಖ್ಯೆ ಹೆಚ್ಚದೆ ನಿಂತಿದ್ದರೆ ಬರುವ ಲೆಕ್ಕ. ಹೊಲದಲ್ಲಿ ನೊಣ ಬೆಳೆಯುತ್ತಲೂ ಇರುತ್ತದೆ, ಅದಕ್ಕೇ ಇನ್ನೂ ಎಷ್ಟೋ ಪಟ್ಟು ಬಿಡಬೇಕು.

ಔಷಧಿಯ ಸ್ವಭಾವ ಇದರ ಉಲ್ಟಾ. ನೊಣ ಜಾಸ್ತಿ ಇರುವಾಗ ಅದೇ ಲೀಟರ್ ಔಷಧಿ ಲಕ್ಷ ಕೊಲ್ಲುತ್ತದೆ. ಹತ್ತೇ ಉಳಿದಾಗ ಅದೇ ಖರ್ಚಿಗೆ ಒಂಬತ್ತು ಸಾಯುತ್ತವೆ, ಆ ಕೊನೆಯದನ್ನು ಹುಡುಕಲು ಇಡೀ ಊರಿಗೆ ಹೊಡೆಯಬೇಕು. ಬರಡು ಗಂಡು ತಾನೇ ಹುಡುಕಿಕೊಂಡು ಹೋಗುತ್ತದೆ. ಕೆಲಸದ ಮೊದಲರ್ಧ ಅದಕ್ಕೆ ಸೇರಿದ್ದು, ಉಳಿದರ್ಧ ಇದಕ್ಕೆ.

ಪ್ರಯೋಗಶಾಲೆ:

ನಾನು ಕೀಟಗಳ ತಳಿವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಮೇಷ್ಟ್ರ ಲೆಕ್ಕಕ್ಕೆ ಒಂದು ಸೇರ್ಪಡೆ. ಬರಡು ಗಂಡು ಸಹಜ ಗಂಡಿಗೆ ಸಮ ಎಂದುಕೊಂಡು ಲೆಕ್ಕ ಹಾಕುತ್ತೇವೆ. ಕಾರ್ಖಾನೆಯಲ್ಲಿ ಪೀಳಿಗೆ ಪೀಳಿಗೆ ಬೆಳೆದ ನೊಣ ಹಾಗೆ ಉಳಿಯುವುದಿಲ್ಲ. ಕಿಕ್ಕಿರಿದ ಪಂಜರದಲ್ಲಿ ಬೇಗ ಕೂಡುವವೇ ಮುಂದಿನ ಪೀಳಿಗೆ ಕೊಡುತ್ತವೆ. ಹೊರಗಿನ ಹೆಣ್ಣಿಗೆ ಬೇಕಾದ ಸಂಜೆ ಹೊತ್ತಿನ ಓಲೈಕೆ ಕ್ರಮೇಣ ಮರೆಯಾಗುತ್ತದೆ. ಓಕಿನಾವಾದಲ್ಲಿ ಇನ್ನೂ ಮುಂದೆ ಹೋಯಿತು. ವರ್ಷಗಟ್ಟಲೆ ಬರಡು ಗಂಡು ಬಿಟ್ಟ ಜಾಗದಲ್ಲಿ, ಅವುಗಳನ್ನು ಒಪ್ಪದ ಕಾಡಿನ ಹೆಣ್ಣುಗಳು ಹೆಚ್ಚಾದವು ಎಂದು ಅಲ್ಲಿನ ವಿಜ್ಞಾನಿಗಳು 1990ರ ದಶಕದ ಆರಂಭದಲ್ಲೇ ವರದಿ ಮಾಡಿದ್ದಾರೆ. ಯೋಚಿಸಿದರೆ ಸಹಜ. ಬರಡು ಗಂಡನ್ನು ಗುರುತಿಸಿ ದೂರ ಇಟ್ಟ ಹೆಣ್ಣಿಗೆ ಮಾತ್ರ ಮರಿಗಳಾಗುತ್ತವೆ. ಔಷಧಿಗೆ ನಿರೋಧ ಬೆಳೆಯುವ ಹಾಗೆ ಇದಕ್ಕೂ ಬೆಳೆಯುತ್ತದೆ. ಹಾಗಾಗಿ ಕಾರ್ಖಾನೆಯ ತಳಿಗೆ ಆಗಾಗ ಕಾಡಿನ ರಕ್ತ ಸೇರಿಸುತ್ತಿರಬೇಕು.

ಮಾನ್ವಿ ಹತ್ತಿ:

ಇಬ್ಬರಿಗೂ ಧನ್ಯವಾದ. ಈಗ ನನ್ನ ಅಸಲು ವಿಷಯ. ನಮ್ಮ ರಾಯಚೂರು ಕಡೆ ಗುಲಾಬಿ ಕಾಯಿಕೊರಕ ಹತ್ತಿಯನ್ನು ತಿಂದು ಹಾಕುತ್ತಿದೆ. ಹುಳ ಕೊಲ್ಲುವ ಜೀನ್ ಸೇರಿಸಿದ ಬಿಟಿ ಹತ್ತಿ ಬಂದಾಗ ಔಷಧಿ ಬೇಡ ಅಂದರು. ಕೆಲವು ವರ್ಷ ಹಾಗೇ ಇತ್ತು. ಈಗ ಎರಡು ಜೀನ್ ಇರುವ ಬಿತ್ತನೆಗೂ ಹುಳ ಬಗ್ಗುವುದಿಲ್ಲ. ಕಾಯಿ ಮೇಲಿನಿಂದ ಚೆನ್ನಾಗಿ ಕಾಣುತ್ತದೆ, ಒಡೆದರೆ ಬೀಜ ಟೊಳ್ಳು, ಹತ್ತಿ ಕೆಂಪು. ಅಮೆರಿಕದಲ್ಲಿ ಇದೇ ಹುಳ ಪೂರ್ತಿ ಹೋಯಿತು ಎಂದು ಕೇಳಿದ್ದೇನೆ. ಅವರು ಮಾಡಿದ್ದೇನು, ನಾವು ಬಿಟ್ಟಿದ್ದೇನು?

ಪ್ರಯೋಗಶಾಲೆ:

ಅಣ್ಣ, ಇದು ನನಗೆ ತುಂಬಾ ಮುಖ್ಯ ಅನ್ನಿಸುವ ಹೋಲಿಕೆ. 2018ರ ಅಕ್ಟೋಬರ್‌ನಲ್ಲಿ ಅಮೆರಿಕದ ಹತ್ತಿ ಪ್ರದೇಶದಿಂದ ಗುಲಾಬಿ ಕಾಯಿಕೊರಕ ನಿರ್ಮೂಲ ಎಂದು ಅಧಿಕೃತವಾಗಿ ಘೋಷಿಸಿದರು. ಬಿಟಿ ಬಿತ್ತನೆ ಅಲ್ಲೂ ಇತ್ತು, ನಮ್ಮಲ್ಲೂ ಇತ್ತು. ವ್ಯತ್ಯಾಸ ಅದರ ಸುತ್ತ ಮಾಡಿದ ಕೆಲಸದಲ್ಲಿ.

ಅರಿಜೋನಾದಲ್ಲಿ ಮೊದಲ ಹತ್ತು ವರ್ಷ ಬಿಟಿ ಅಲ್ಲದ ಹತ್ತಿಯನ್ನೂ ಪಕ್ಕದಲ್ಲೇ ತಪ್ಪದೆ ಬೆಳೆದರು. ಅಲ್ಲಿ ಹುಟ್ಟಿದ ಸಾಮಾನ್ಯ ಪತಂಗಗಳು, ಬಿಟಿಯಲ್ಲಿ ಉಳಿದ ಅಪರೂಪದ ನಿರೋಧ ಪತಂಗಗಳ ಜೊತೆ ಕೂಡಿ ನಿರೋಧ ಹರಡದ ಹಾಗಾಯಿತು. 2006ರಿಂದ ಯೋಜನೆ ಬದಲಾಯಿಸಿದರು. ಎಲ್ಲ ಕಡೆ ಬಿಟಿ ಬಿತ್ತಲು ಬಿಟ್ಟರು, ಪಕ್ಕದ ಸಾಮಾನ್ಯ ಹತ್ತಿಯ ಬದಲು ವಿಮಾನದಿಂದ ಬರಡು ಪತಂಗ ಉದುರಿಸಿದರು. ಬಿಟಿಯಿಂದ ತಪ್ಪಿಸಿಕೊಂಡ ಒಂದೊಂದು ಪತಂಗಕ್ಕೂ ಸಿಗುವ ಜೋಡಿ ಬರಡೇ ಆಗಿರುವಂತೆ ನೋಡಿಕೊಂಡರು. 2014ರ ವರೆಗೆ 1,100 ಕೋಟಿಯಷ್ಟು ಬಿಟ್ಟರು. ಅವುಗಳ ಆಹಾರಕ್ಕೆ ಕೆಂಪು ಬಣ್ಣ ಹಾಕುತ್ತಿದ್ದರು, ಬಲೆಯಲ್ಲಿ ಸಿಕ್ಕ ಪತಂಗವನ್ನು ಜಜ್ಜಿದರೆ ಕೆಂಪು ಬಂದರೆ ನಮ್ಮದು, ಇಲ್ಲದಿದ್ದರೆ ಕಾಡಿನದು. ಜೊತೆಗೆ ಬೆಳೆ ಮುಗಿದ ಮೇಲೆ ಗಿಡ ಉಳುಮೆ ಮಾಡಿ ಮಣ್ಣಿಗೆ ಸೇರಿಸುವುದು, ಹೆಣ್ಣು ಪತಂಗದ ವಾಸನೆಯ ಫೆರೊಮೋನ್ ಹಾಕಿ ಗಂಡು ಪತಂಗ ದಾರಿ ತಪ್ಪುವಂತೆ ಮಾಡುವುದು, ಎಲ್ಲವೂ ಒಟ್ಟಿಗೆ. ಖರ್ಚಿನ ದೊಡ್ಡ ಪಾಲು ಹತ್ತಿ ಬೆಳೆಗಾರರೇ ಎಕರೆ ಲೆಕ್ಕದಲ್ಲಿ ಕೊಟ್ಟರು.

ನಮ್ಮಲ್ಲಿ 2002ರಲ್ಲಿ ಬಿಟಿ ಬಂತು, 2006ರಲ್ಲಿ ಎರಡು ಜೀನಿನದು. ಸಾಮಾನ್ಯ ಹತ್ತಿ ಬೀಜವನ್ನು ಬೇರೆ ಪೊಟ್ಟಣದಲ್ಲಿ ಕೊಟ್ಟರು, ಬಹಳ ಜನ ಬಿತ್ತಲಿಲ್ಲ. ನಮ್ಮ ಹೈಬ್ರಿಡ್‌ಗಳು ಉದ್ದ ಅವಧಿಯವು. ನೀರಿದ್ದವರು ಫೆಬ್ರವರಿ, ಮಾರ್ಚ್ ತನಕ ಬೆಳೆ ಬಿಡುತ್ತಾರೆ. ಹುಳಕ್ಕೆ ಬಿಡುವೇ ಇಲ್ಲ.

ಮಾನ್ವಿ ಹತ್ತಿ:

ತಂಗಿ, ಪಕ್ಕದ ಪೊಟ್ಟಣದ ವಿಷಯದಲ್ಲಿ ರೈತರನ್ನು ಮಾತ್ರ ದೂರಬೇಡಿ. ಎರಡೂವರೆ ಎಕರೆ ಇರುವವನು ಐದನೇ ಒಂದು ಪಾಲು ಜಮೀನನ್ನು ಹುಳಕ್ಕೆ ಬಿಡು ಅಂದರೆ ಹೇಗೆ ಬಿಡುತ್ತಾನೆ? ಯಾಕೆ ಬಿಡಬೇಕು ಅಂತ ನಮಗೆ ಯಾರೂ ಕೂತು ಹೇಳಲಿಲ್ಲ. ಅಂಗಡಿಯವರು ಆ ಪೊಟ್ಟಣ ಬದಿಗಿಡಿ ಅಂದರು, ಇಟ್ಟೆವು. ಉಳಿದದ್ದು ಒಪ್ಪುತ್ತೇನೆ. ಹತ್ತಿ ಕಟ್ಟಿಗೆಯನ್ನು ಒಲೆಗೆ ಅಂತ ಮನೆ ಮುಂದೆ ಒಟ್ಟುತ್ತೇವೆ, ಅದರಲ್ಲಿ ಒಣಗಿದ ಕಾಯಿ ಇರುತ್ತದೆ, ಕಾಯಿಯೊಳಗೆ ಹುಳ ಮಲಗಿರುತ್ತದೆ. ಜಿನ್ನಿಂಗ್ ಮಿಲ್ ಸುತ್ತ ಅದೇ ಕಥೆ.

ಪ್ರಯೋಗಶಾಲೆ:

ನೀವು ಹೇಳಿದ್ದು ನ್ಯಾಯ. ಸಣ್ಣ ಹಿಡುವಳಿಗೆ ಹೊಂದದ ನಿಯಮ ಅದು. ಅದಕ್ಕೇ ಆಮೇಲೆ ಎರಡೂ ಬೀಜ ಬೆರೆಸಿ ಒಂದೇ ಪೊಟ್ಟಣದಲ್ಲಿ ಕೊಡಲು ಶುರು ಮಾಡಿದರು. ಅಷ್ಟರಲ್ಲಿ ನಿರೋಧ ಬಂದಾಗಿತ್ತು.

ಈಗ ನಮ್ಮಲ್ಲಿ ನೇರವಾಗಿ ಬರಡು ಪತಂಗ ಬಿಟ್ಟರೆ ಮುಳುಗಿ ಹೋಗುತ್ತದೆ. ಅರಿಜೋನಾದಲ್ಲಿ ಬಿಟಿ ಕೆಲಸ ಮಾಡುತ್ತಿತ್ತು, ಹಾಗಾಗಿ ಉಳಿದ ಪತಂಗ ಬಹಳ ಕಡಿಮೆ. ನಮ್ಮಲ್ಲಿ ಆ ಮೊದಲ ಹೊಡೆತ ಕೊಡುವ ಆಯುಧ ಮೊಂಡಾಗಿದೆ. ಪತಂಗಗಳಿಗೆ ನೊಣಕ್ಕಿಂತ ಜಾಸ್ತಿ ಕಿರಣ ಬೇಕು ಅನ್ನುವ ತೊಡಕೂ ಇದೆ.

ನೆರಳು ಬಿಸಿಲು:

ಇಷ್ಟು ಹೊತ್ತು ಕಿರಣದ ಮಾತು ಆಯಿತು. ಜೀನ್ ಮಾರ್ಪಡಿಸಿದ ಕೀಟಗಳ ಬಗ್ಗೆ ಯಾರೂ ಎತ್ತಿಲ್ಲ. ನನ್ನ ಆತಂಕ ಅಲ್ಲಿದೆ. ಆಕ್ಸಿಟೆಕ್ ಎಂಬ ಬ್ರಿಟಿಷ್ ಕಂಪನಿ ಡೆಂಗಿ ಹರಡುವ ಸೊಳ್ಳೆಗೆ ಜೀನ್ ಸೇರಿಸಿ ಕೇಮನ್ ದ್ವೀಪಗಳಲ್ಲಿ, ಬ್ರೆಜಿಲ್‌ನಲ್ಲಿ ಬಿಟ್ಟಿತು. ಮರಿಗಳು ದೊಡ್ಡವಾಗುವ ಮುಂಚೆ ಸಾಯುತ್ತವೆ, ಜೀನ್ ಮುಂದೆ ಹೋಗುವುದಿಲ್ಲ ಅಂದರು. ಬ್ರೆಜಿಲ್‌ನ ಜಕೋಬಿನಾದಲ್ಲಿ ಬಿಟ್ಟ ಸೊಳ್ಳೆಗಳ ವಂಶವಾಹಿಯ ತುಣುಕುಗಳು ಅಲ್ಲಿನ ಕಾಡು ಸೊಳ್ಳೆಗಳಲ್ಲಿ ಸಿಕ್ಕವು ಎಂದು 2019ರಲ್ಲಿ ಪ್ರಕಟವಾಯಿತು. ಮಹಾರಾಷ್ಟ್ರದ ಜಾಲ್ನಾ ಹತ್ತಿರದ ದಾವಲ್‌ವಾಡಿಯಲ್ಲೂ 2017ರಲ್ಲಿ ಪಂಜರದೊಳಗೆ ಈ ಸೊಳ್ಳೆಗಳ ಪ್ರಯೋಗ ಶುರುವಾಗಿತ್ತು.

ನಮ್ಮ ದೇಶಕ್ಕೆ ಇದರಲ್ಲಿ ಹಳೆಯ ಗಾಯವೂ ಇದೆ. 1969ರಿಂದ ದೆಹಲಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಸೊಳ್ಳೆಗಳ ಮೇಲೆ ಇದೇ ಕೆಲಸ ನಡೆಸಿದವು. ಸುತ್ತಲ ಹಳ್ಳಿಗಳಲ್ಲಿ ಬರಡು ಸೊಳ್ಳೆ ಬಿಟ್ಟರು. ಬರಡು ಮಾಡಲು ಥಯೊಟೆಪಾ ಎಂಬ ರಾಸಾಯನಿಕ ಬಳಸಿದ್ದರು, ಅದು ಕ್ಯಾನ್ಸರ್ ಔಷಧಿ, ಅದೇ ಅಪಾಯಕಾರಿ. ಹಳ್ಳಿಯವರಿಗೆ ಸರಿಯಾಗಿ ತಿಳಿಸಿಯೇ ಇರಲಿಲ್ಲ ಎಂಬ ಆರೋಪ ಬಂತು. ಜೈವಿಕ ಯುದ್ಧಕ್ಕೆ ಮಾಹಿತಿ ಸಂಗ್ರಹ ಎಂಬ ಮಾತು ಪತ್ರಿಕೆಗಳಲ್ಲಿ, ಸಂಸತ್ತಿನ ಸಮಿತಿಯಲ್ಲಿ ಎದ್ದಿತು. ಸೋನಿಪತ್‌ನಲ್ಲಿ ಡೆಂಗಿ ಸೊಳ್ಳೆ ಬಿಡುವ ಮೊದಲೇ 1975ರಲ್ಲಿ ಎಲ್ಲ ನಿಂತಿತು. ಜನರನ್ನು ಕೇಳದೆ ಹೊರಟರೆ ಆಗುವುದೇ ಹೀಗೆ.

ಪ್ರಯೋಗಶಾಲೆ:

ಅಕ್ಕ, ಕೊನೆಯ ಮಾತನ್ನು ಪೂರ್ತಿ ಒಪ್ಪುತ್ತೇನೆ. ದೆಹಲಿಯಲ್ಲಿ ವಿಜ್ಞಾನ ಕೆಟ್ಟದ್ದಾಗಿರಲಿಲ್ಲ, ಮುಚ್ಚುಮರೆ ಕೆಟ್ಟದ್ದಾಗಿತ್ತು. ಅದರಿಂದ ನಾವು ಕಳೆದುಕೊಂಡದ್ದು ಬಹಳ. ಆ ಕಾಲದಲ್ಲಿ ಜಗತ್ತಿನಲ್ಲೇ ದೊಡ್ಡ ಕೆಲಸ ಅದು.

ಜಕೋಬಿನಾ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲ ತಳಿಯಲ್ಲಿ ಶೇಕಡಾ 3ರಿಂದ 4 ಮರಿಗಳು ಬದುಕುತ್ತವೆ ಎಂಬುದು ಪ್ರಯೋಗಶಾಲೆಯಲ್ಲಿ ಮುಂಚೆಯೇ ಗೊತ್ತಿತ್ತು. ಆ ದಾರಿಯಲ್ಲಿ ಬಿಟ್ಟ ತಳಿಯ ಸಾಮಾನ್ಯ ಜೀನ್‌ಗಳು ಸ್ಥಳೀಯ ಸೊಳ್ಳೆಗೆ ಸೇರಿದವು. ಇದರಿಂದ ಸೊಳ್ಳೆ ಇನ್ನೂ ಗಟ್ಟಿಯಾಗುತ್ತದೆ ಎಂದು ಲೇಖನದಲ್ಲಿ ಬರೆದದ್ದಕ್ಕೆ ಪುರಾವೆ ಇರಲಿಲ್ಲ. ಆ ಪತ್ರಿಕೆಯ ಸಂಪಾದಕರೇ ಮುಂದೆ ಲೇಖನಕ್ಕೆ ಎಚ್ಚರಿಕೆಯ ಟಿಪ್ಪಣಿ ಸೇರಿಸಿದರು. ಆದರೆ ಜನರಿಗೆ ಮೊದಲೇ ಹೇಳಬೇಕಿದ್ದ ವಿಷಯ ಅದು ಅನ್ನುವುದರಲ್ಲಿ ನಿಮ್ಮ ಪಕ್ಷವೇ ನಾನು.

ಹೊಸ ತಳಿಯಲ್ಲಿ ಹೆಣ್ಣು ಮರಿ ಮಾತ್ರ ಸಾಯುತ್ತದೆ. ಗಂಡು ಬದುಕಿ ಜೀನ್ ಅನ್ನು ಕೆಲವು ಪೀಳಿಗೆ ಒಯ್ಯುತ್ತದೆ, ಪ್ರತಿ ಪೀಳಿಗೆಗೂ ಅರ್ಧವಾಗಿ ಕರಗುತ್ತದೆ. ಕಚ್ಚುವುದು ಹೆಣ್ಣು ಮಾತ್ರವಾದ್ದರಿಂದ ಬಿಟ್ಟ ಗಂಡುಗಳಿಂದ ಕಡಿತ ಹೆಚ್ಚುವುದಿಲ್ಲ. ಫ್ಲಾರಿಡಾ ಕೀಸ್‌ನಲ್ಲಿ 2021ರಲ್ಲಿ ಬಿಟ್ಟದ್ದು ಇದನ್ನೇ. ಅಲ್ಲಿ 2016ರಲ್ಲಿ ಜನಮತ ಕೇಳಿದ್ದರು. ಇಡೀ ಜಿಲ್ಲೆ ಒಪ್ಪಿತು, ಬಿಡಬೇಕೆಂದಿದ್ದ ಕೀ ಹೇವನ್ ಬಡಾವಣೆ ಒಪ್ಪಲಿಲ್ಲ. ಆ ಬಡಾವಣೆಯಲ್ಲಿ ಬಿಡಲಿಲ್ಲ. ನನಗೆ ಅದು ಸರಿಯಾದ ಕ್ರಮ ಅನ್ನಿಸುತ್ತದೆ.

ನೆರಳು ಬಿಸಿಲು:

ಹೀಗೆ ಬಿಚ್ಚಿ ಹೇಳಿದರೆ ಚರ್ಚೆ ಮಾಡಬಹುದು. ಸೇರಿಸಿದ ಜೀನ್ ಹೆಚ್ಚುಕಡಿಮೆ ಎಲ್ಲ ಮರಿಗಳಿಗೂ ದಾಟುವಂತೆ ಮಾಡುವ ಜೀನ್ ಡ್ರೈವ್ ಬಗ್ಗೆ ಏನನ್ನುತ್ತೀರಿ? ಅದು ಕರಗುವುದೇ ಇಲ್ಲವಲ್ಲ.

ಪ್ರಯೋಗಶಾಲೆ:

ಅದು ಬೇರೆಯೇ ವಿಷಯ. ಬರಡು ಕೀಟ ಬಿಡುವುದನ್ನು ನಿಲ್ಲಿಸಿದರೆ ಎಲ್ಲ ಮೊದಲಿನ ಸ್ಥಿತಿಗೆ ಬರುತ್ತದೆ. ಜೀನ್ ಡ್ರೈವ್ ತಾನಾಗಿ ಹರಡುತ್ತದೆ, ಗಡಿ ನೋಡುವುದಿಲ್ಲ, ವಾಪಸ್ ಕರೆಯಲಾಗುವುದಿಲ್ಲ. 2018ರಲ್ಲಿ ಲಂಡನ್‌ನ ಪಂಜರಗಳಲ್ಲಿ ಮಲೇರಿಯಾ ಸೊಳ್ಳೆಗಳ ಗುಂಪು ಇದರಿಂದ ಪೂರ್ತಿ ಅಳಿಯಿತು. ಹೊರಗೆ ಎಲ್ಲೂ ಬಿಟ್ಟಿಲ್ಲ. ಬುರ್ಕಿನಾ ಫಾಸೊದ ಬಾನಾ ಹಳ್ಳಿಯಲ್ಲಿ 2019ರಲ್ಲಿ ಬಿಟ್ಟದ್ದು ಡ್ರೈವ್ ಇಲ್ಲದ ಬರಡು ಗಂಡುಗಳನ್ನು. 2025ರ ಆಗಸ್ಟ್‌ನಲ್ಲಿ ಅಲ್ಲಿನ ಸರ್ಕಾರ ಆ ಯೋಜನೆಯನ್ನೇ ನಿಲ್ಲಿಸಿತು.

ನನ್ನ ಒಲವು ವೊಲ್ಬಾಕಿಯಾ ಕಡೆ. ಅದು ಕೀಟಗಳೊಳಗೆ ಸಹಜವಾಗಿ ಇರುವ ಬ್ಯಾಕ್ಟೀರಿಯಾ, ಜೀನ್ ತಿದ್ದುವುದಿಲ್ಲ. ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ ಇದನ್ನು ಹೊತ್ತ ಸೊಳ್ಳೆ ಬಿಟ್ಟ ಭಾಗಗಳಲ್ಲಿ ಡೆಂಗಿ ಶೇಕಡಾ 77 ಕಡಿಮೆಯಾಯಿತು. ನಮ್ಮ ಪುದುಚೇರಿಯ ಸಂಶೋಧನಾ ಕೇಂದ್ರ ಕೂಡ ಇಂಥ ಸೊಳ್ಳೆ ತಳಿ ಬೆಳೆಸಿದೆ. ಪ್ರತಿ ಮಳೆಗಾಲ ಡೆಂಗಿಯಿಂದ ನಲುಗುವ ನಮ್ಮ ಊರುಗಳಲ್ಲಿ, ಜನರ ಜೊತೆ ಕೂತು ಮಾತಾಡಿ ಇದನ್ನು ಶುರು ಮಾಡಬೇಕು ಎಂಬುದು ನನ್ನ ಆಸೆ.

ಚಿಂತಾಮಣಿ ತೋಟ:

ಇಷ್ಟು ದೂರ ಮಾತು ಬರುತ್ತದೆ ಎಂದುಕೊಂಡಿರಲಿಲ್ಲ, ಖುಷಿಯಾಯಿತು. ಮೇಷ್ಟ್ರೇ, ನಮ್ಮ ಊರಲ್ಲಿ ಹಾಗಲ, ಹೀರೆ ಬೆಳೆಯುವವರೆಲ್ಲ ಅಕ್ಕಪಕ್ಕದಲ್ಲೇ ಇದ್ದೇವೆ. ಬರಡು ನೊಣ ಇಲ್ಲದಿದ್ದರೂ, ಒಟ್ಟಾಗಿ ಈಗಲೇ ಮಾಡಬಹುದಾದ್ದು ಏನಾದರೂ ಇದೆಯಾ?

ಹುಳದ ಮೇಷ್ಟ್ರು:

ಇದೆ. ಹವಾಯಿಯಲ್ಲಿ ಇದೇ ನೊಣಕ್ಕೆ ಊರಿಗೆ ಊರೇ ಸೇರಿ ಮಾಡಿದ ಕೆಲಸ ನಿಮಗೆ ಹೊಂದುತ್ತದೆ. ಈ ನೊಣ ಹಗಲಿನ ಬಹುಪಾಲು ನಿಮ್ಮ ಚಪ್ಪರದಲ್ಲಿ ಇರುವುದಿಲ್ಲ. ಸುತ್ತಲ ಎತ್ತರದ ಗಿಡಗಳಲ್ಲಿ, ಅದರಲ್ಲೂ ಜೋಳದಲ್ಲಿ ಕೂತಿರುತ್ತದೆ. ಹಾಗಾಗಿ ಹೊಲದ ಅಂಚಿಗೆ ಎರಡು ಸಾಲು ಮೆಕ್ಕೆಜೋಳ ಹಾಕಿ. ಪ್ರೋಟೀನ್ ಅಥವಾ ಬೆಲ್ಲದ ಎರೆಗೆ ಕೀಟನಾಶಕ ಬೆರೆಸಿ ಆ ಜೋಳದ ಎಲೆಗೆ ಮಾತ್ರ ಅಲ್ಲಲ್ಲಿ ಚಿಮುಕಿಸಿ. ಮೊಟ್ಟೆ ಬಲಿಯಲು ಹೆಣ್ಣಿಗೆ ಪ್ರೋಟೀನ್ ಬೇಕು, ಅದು ಬಂದು ತಿನ್ನುತ್ತದೆ. ಹಾಗಲಕಾಯಿಗೆ ಔಷಧಿ ತಾಗುವುದೇ ಇಲ್ಲ, ನಿಮ್ಮ ಕೊಯ್ಲಿನ ಚಿಂತೆಯೂ ಕಳೆಯುತ್ತದೆ. ಕ್ಯೂ ಲ್ಯೂರ್ ಬಲೆ ಎಲ್ಲರೂ ಒಂದೇ ಸಮಯಕ್ಕೆ ಕಟ್ಟಿ, ಲ್ಯೂರ್ ಬದಲಿಸುವುದೂ ಒಂದೇ ದಿನ.

ಎಲ್ಲಕ್ಕಿಂತ ಮುಖ್ಯ ಕೊಳೆತ ಕಾಯಿ. ಬದುವಿನಲ್ಲಿ ಎಸೆಯಬೇಡಿ. ಒಂದು ಕಾಯಿಯಿಂದ ಹತ್ತಾರು ನೊಣ ಬರುತ್ತವೆ. ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಬಿಸಿಲಿಗೆ ಹಾಕಿ. ಹವಾಯಿಯಲ್ಲಿ ಇದಕ್ಕೆ ಬಲೆ ಬಟ್ಟೆಯ ಡೇರೆ ಮಾಡಿದ್ದರು. ಕೊಳೆತ ಕಾಯಿ ಅದರೊಳಗೆ ಸುರಿಯುತ್ತಾರೆ. ಡೇರೆಯ ಮೇಲಿನ ಬಲೆಯ ಕಣ್ಣು ಎಷ್ಟು ಚಿಕ್ಕದೆಂದರೆ ನೊಣ ಹೊರಬರಲಾರದು, ನೊಣದ ಮರಿಯನ್ನು ತಿಂದು ಬೆಳೆದ ಪರಾವಲಂಬಿ ಕಣಜ ಮಾತ್ರ ಹೊರಗೆ ಹಾರಿ ಮತ್ತೆ ಹೊಲಕ್ಕೆ ಹೋಗುತ್ತದೆ. ಊರಿಗೆ ಒಂದೆರಡು ಡೇರೆ ಸಾಕು. ತೋಟಗಾರಿಕೆ ಇಲಾಖೆಯವರ ಜೊತೆ ಮಾತಾಡಿ ಬಲೆಯ ಅಳತೆ ಗೊತ್ತುಮಾಡಿಕೊಳ್ಳಿ. ಕಟ್ಟುವಾಗ ತೊಡಕು ಬಂದರೆ ಇಲ್ಲೇ ಬರೆಯಿರಿ, ಚಿತ್ರ ಬರೆದು ಹಾಕುತ್ತೇನೆ.

ಚಿಂತಾಮಣಿ ತೋಟ:

ಖಂಡಿತ ಮೇಷ್ಟ್ರೇ. ಜೋಳದ ಸಾಲು ಹಾಗಲ ನಾಟಿಗಿಂತ ಎಷ್ಟು ಮುಂಚೆ ಬಿತ್ತಬೇಕು?

ಹುಳದ ಮೇಷ್ಟ್ರು:

ಹಾಗಲ ಹೂ ಬಿಡುವ ಹೊತ್ತಿಗೆ ಜೋಳ ಆಳೆತ್ತರ ಇರಬೇಕು. ಹಾಗಲ ಬಿತ್ತುವುದಕ್ಕಿಂತ ಎರಡು ಮೂರು ವಾರ ಮೊದಲು ಹಾಕಿ. ಒಂದು ಸಾಲು ಒಣಗುವಾಗ ಹಸಿರು ಇರಲಿ ಎಂದು ಇನ್ನೊಂದು ಸಾಲನ್ನು ಸ್ವಲ್ಪ ತಡವಾಗಿ ಬಿತ್ತಿ.